ಬೀಗ ಹಾಕಿದ ಮನೆ ಮತ್ತು ಪರಿಗ್ರಹ ಪರಿಮಾಣ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿರುವ ಕೊಡಿಗೇಹಳ್ಳಿ ಇಂದು ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿದೆ. ಬ್ಯಾಟರಾಯನಪುರ ನಗರಸಭೆಗೆ ಸೇರಿದ್ದ ಈ ಊರು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಒಳಗೆ ಬಂದಿತು. ಮರುವರ್ಷವೇ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದಾಚೆಗೆ ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಆಸುಪಾಸಿನ ಭೂಮಿಗೆ ಬಂದ ಬೆಲೆಯನ್ನು ನಾವೆಲ್ಲರೂ ಬಲ್ಲೆವು.

ಇಂತಹ ಬಡಾವಣೆಗಳಲ್ಲಿ ನಡೆದು ಹೋಗುವವನಿಗೆ ಎರಡು ನೋಟಗಳು ಅಕ್ಕಪಕ್ಕದಲ್ಲಿಯೇ ಕಾಣುತ್ತವೆ. ಒಂದೆಡೆ ಕಾಂಪೌಂಡು ಕಟ್ಟಿ, ಗೇಟಿಗೆ ಬೀಗ ಜಡಿದು, ಬೆಲೆ ಏರಲೆಂದು ಬಿಟ್ಟ ನಿವೇಶನ. ಕೊಂಡು ವರ್ಷಗಳಾದರೂ ದೀಪ ಹತ್ತದ ಫ್ಲ್ಯಾಟು. ಇನ್ನೊಂದೆಡೆ ಶೀಟು ಹೊದಿಸಿದ ಒಂದೇ ಕೋಣೆಯಲ್ಲಿ ಗಾರೆ ಕೆಲಸದವರ, ಮನೆಗೆಲಸದವರ, ಕಾವಲುಗಾರರ ತುಂಬಿದ ಸಂಸಾರ. ಮೊದಲನೆಯದನ್ನು ನಾವು ದೂರದೃಷ್ಟಿ ಎನ್ನುತ್ತೇವೆ. ಎರಡನೆಯದನ್ನು ಅವರವರ ಕರ್ಮ ಎಂದುಬಿಡುತ್ತೇವೆ. ಇವೆರಡರ ನಡುವೆ ಸಂಬಂಧವೇನಾದರೂ ಇದೆಯೇ ಎಂಬುದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಗೃಹಸ್ಥನಿಗೆ ಮನೆ ಬೇಡವೆಂದು ನಮ್ಮ ಧರ್ಮ ಎಂದೂ ಹೇಳಿಲ್ಲ. ಸರ್ವಪರಿಗ್ರಹ ತ್ಯಾಗ ಮುನಿಮಾರ್ಗ. ಶ್ರಾವಕನಿಗೆ ವಿಹಿತವಾದದ್ದು ಮಿತಿ. ಪರಿಗ್ರಹ ಪರಿಮಾಣ ವ್ರತದ ಮಿತಿ ಮೀರುವ ಬಗೆಗಳನ್ನು ಎಣಿಸುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೊದಲು ಹೆಸರಿಸಿದ್ದು ಚಿನ್ನವನ್ನಲ್ಲ. ಕ್ಷೇತ್ರ ಮತ್ತು ವಾಸ್ತುವನ್ನು, ಎಂದರೆ ಹೊಲವನ್ನೂ ಮನೆಯನ್ನೂ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ಇಚ್ಛಾಪರಿಮಾಣವೆಂದೂ ಕರೆದು, ಅದರ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಸೇರಿಸಿದ್ದಾರೆ. ಮುಂದೆ ವಿಶೇಷ ಲಾಭ ಬಂದೀತೆಂಬ ಲೋಭದಿಂದ ಧಾನ್ಯಾದಿಗಳನ್ನು ಕೂಡಿಡುವುದು ಅತಿಸಂಗ್ರಹವೆಂದು ಟೀಕಾಕಾರರಾದ ಪ್ರಭಾಚಂದ್ರರು ವಿವರಿಸಿದ್ದಾರೆ.

ಬರಗಾಲದಲ್ಲಿ ಕಣಜಕ್ಕೆ ಬೀಗ ಹಾಕಿ ಬೆಲೆಗಾಗಿ ಕಾದು ಕುಳಿತವನ ನಡತೆಯನ್ನು ಈ ಮಾತು ನೇರವಾಗಿ ಮುಟ್ಟುತ್ತದೆ. ಹಾಗಾದರೆ ವಸತಿಗೆ ಬರ ಬಂದ ನಗರದಲ್ಲಿ ಮನೆಗೆ ಬೀಗ ಹಾಕಿ ಕಾದು ಕುಳಿತವನನ್ನು ನಾವು ಜಾಣನೆಂದು ಹೊಗಳುವುದು ಹೇಗೆ?

ವಸತಿಗೆ ಬರ ಎಂಬುದು ಅತಿಶಯೋಕ್ತಿಯಲ್ಲ. 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡವೊಂದು ದೇಶದ ನಗರಗಳಲ್ಲಿ ಸುಮಾರು 1 ಕೋಟಿ 87 ಲಕ್ಷ ಮನೆಗಳ ಕೊರತೆಯಿದೆ ಎಂದು ಅಂದಾಜು ಮಾಡಿತು. ಆ ಕೊರತೆಯ ಶೇ. 95ಕ್ಕೂ ಹೆಚ್ಚು ಭಾಗ ಬಡವರದು ಮತ್ತು ಕಡಿಮೆ ಆದಾಯದವರದು; ಬಹುಪಾಲು ಜನ ಬೀದಿಯಲ್ಲಿ ಮಲಗುವವರಲ್ಲ, ಇಕ್ಕಟ್ಟಿನ ಮನೆಗಳಲ್ಲಿ ಒತ್ತೊತ್ತಾಗಿ ಬಾಳುವವರು. ಅದಕ್ಕೆ ಒಂದು ವರ್ಷ ಮೊದಲು, 2011ರ ಜನಗಣತಿಯಲ್ಲಿ, ದೇಶದ ನಗರಗಳಲ್ಲಿ ಒಂದು ಕೋಟಿ ಹತ್ತು ಲಕ್ಷದಷ್ಟು ಮನೆಗಳು ಖಾಲಿ ಇರುವುದು ಕಂಡುಬಂದಿತ್ತು. ಬೀಗ ತೆರೆದ ಮಾತ್ರಕ್ಕೆ ಕಾವಲುಗಾರನಿಗೆ ಮೂರು ಕೋಣೆಯ ಫ್ಲ್ಯಾಟು ದಕ್ಕದು ಎಂಬ ಆಕ್ಷೇಪ ಸರಿಯೇ. ಆದರೆ ದೊಡ್ಡ ಮನೆ ಸಿಗದ ಮಧ್ಯಮ ವರ್ಗದವನು ಚಿಕ್ಕ ಮನೆಗೆ ಬರುತ್ತಾನೆ. ಚಿಕ್ಕ ಮನೆಯಲ್ಲಿದ್ದವನನ್ನು ಬಾಡಿಗೆಯ ಏರಿಕೆ ಇನ್ನೂ ಹೊರಕ್ಕೆ ತಳ್ಳುತ್ತದೆ. ಕೊನೆಯ ಹೊಡೆತ ಬೀಳುವುದು ಎಲ್ಲರಿಗಿಂತ ಕೆಳಗಿರುವವನ ಮೇಲೆ.

‘ನಾನು ಪ್ರಾಮಾಣಿಕವಾಗಿ ದುಡಿದ ಹಣದಿಂದ ಕೊಂಡದ್ದು, ಯಾರಿಗೆ ಹಿಂಸೆ ಮಾಡಿದೆ?’ ಎಂದು ಕೇಳುವವರುಂಟು. ಗಳಿಕೆ ಶುದ್ಧವಾಗಿದ್ದರೆ ಅಚೌರ್ಯ ವ್ರತ ಉಳಿಯಿತು, ಅಷ್ಟೇ. ಪರಿಗ್ರಹದ ಪ್ರಶ್ನೆ ಅದರ ನಂತರ ಆರಂಭವಾಗುತ್ತದೆ. ಮಿತಿ ದಾಟುವವನು ನೆಪ ಹುಡುಕುತ್ತಾನೆಂಬುದು ಪ್ರಾಚೀನರಿಗೆ ತಿಳಿದಿತ್ತು. ಪಕ್ಕದ ಮನೆಯನ್ನೂ ಕೊಂಡು, ನಡುವಿನ ಗೋಡೆ ಒಡೆದು, ‘ನನ್ನದು ಒಂದೇ ಮನೆ’ ಎನ್ನುವುದು. ಹೆಚ್ಚಾದ ಚಿನ್ನವನ್ನು ವ್ರತದ ಅವಧಿ ಮುಗಿಯುವವರೆಗೆ ಇನ್ನೊಬ್ಬರ ಕೈಯಲ್ಲಿರಿಸುವುದು: ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದ ಪರಂಪರೆ ಇವನ್ನೂ ಅತಿಚಾರವೆಂದೇ ಎಣಿಸಿದೆ. ಮಡದಿಯ ಹೆಸರಿನಲ್ಲಿ ಒಂದು, ಮಗನ ಹೆಸರಿನಲ್ಲಿ ಒಂದು, ಭಾವಮೈದುನನ ಹೆಸರಿನಲ್ಲಿ ಮತ್ತೊಂದು ಎಂದು ನಿವೇಶನ ಕೊಳ್ಳುವ ನಮಗೆ ಈ ಮಾತು ಹಳೆಯದೆನಿಸಬಾರದು.

ಈ ಲೋಭಕ್ಕೆ ಊರಿನ ರಾಜಕೀಯವೂ ನೀರೆರೆಯುತ್ತದೆ. ಅಧಿಕೃತ ನಿವೇಶನ ಕೊಳ್ಳಲಾಗದವರು ರೆವಿನ್ಯೂ ಸೈಟುಗಳನ್ನು ಕೊಂಡು, ಬಿ ಖಾತೆಯ ಆತಂಕದಲ್ಲಿ ದಿನ ದೂಡಿದರು. ಅವರ ಮುಂದಿಟ್ಟ ಅಕ್ರಮ-ಸಕ್ರಮದ ಭರವಸೆಗೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಅದು ಐದು ನಗರಪಾಲಿಕೆಗಳಾಗಿ ಒಡೆಯುವವರೆಗೂ, ವಾರ್ಡಿನ ಜನ ಅಹವಾಲು ಹೇಳಿಕೊಳ್ಳಲು ಚುನಾಯಿತ ಸದಸ್ಯರೇ ಇರಲಿಲ್ಲ. ಸ್ವಂತ ನಿವೇಶನವಿದ್ದವರ ಗತಿಯೇ ಹೀಗಿರುವಾಗ, ಬಾಡಿಗೆಯವನ ಮಾತನ್ನು ಯಾರು ಕೇಳುತ್ತಾರೆ? ಹನ್ನೊಂದು ತಿಂಗಳ ಕರಾರಿನ ಮೇಲೆ ಬೀದಿಯಿಂದ ಬೀದಿಗೆ ಅಲೆಯುವವನ ಹೆಸರು ಮತದಾರರ ಪಟ್ಟಿಯಲ್ಲಿ ನೆಲೆ ನಿಲ್ಲುವುದೇ ಕಷ್ಟ. ಬಡವರಿಗೆ ಮನೆ ಬೇಕೆಂದು ಸಭೆಯಲ್ಲಿ ಒಪ್ಪುವ ನಾವೇ, ಅದು ನಮ್ಮ ಬೀದಿಯ ತುದಿಯಲ್ಲಿ ಏಳುತ್ತದೆಂದು ತಿಳಿದರೆ ಮನವಿ ಪತ್ರಕ್ಕೆ ಸಹಿ ಹಾಕುತ್ತೇವೆ. ಆ ಸಹಿ ಕೂಡ ಒಂದು ಕ್ರಿಯೆ, ಅದಕ್ಕೂ ಆಸ್ರವವುಂಟು.

ಹಾಗಾದರೆ ಶ್ರಾವಕನು ಮಾಡಬೇಕಾದದ್ದೇನು? ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಉಪದೇಶ ಕೇಳಿ ಮನೆಗೆ ಬಂದವನು, ತನ್ನ ಕುಟುಂಬಕ್ಕೆ ಎಷ್ಟು ಮನೆ, ಎಷ್ಟು ನಿವೇಶನ ಸಾಕೆಂದು ಮನೆಯವರೆಲ್ಲರ ಎದುರು ಒಂದು ಸಂಖ್ಯೆಯನ್ನು ಬರೆದಿಡಲಿ. ಖಾಲಿ ಇರುವ ಮನೆಯನ್ನು ನ್ಯಾಯವಾದ ಬಾಡಿಗೆಗೆ ಕೊಡಲಿ. ಬಾಡಿಗೆಯವನು ಬಿಡಲೊಲ್ಲನೆಂಬ ಭಯ ಪೂರ್ತಿ ಸುಳ್ಳಲ್ಲ. ಅದಕ್ಕೆ ಸ್ಪಷ್ಟವಾದ ಲಿಖಿತ ಕರಾರು ಪರಿಹಾರವೇ ಹೊರತು ಬೀಗವಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವುದು ರೂಢಿಯಾಗಿ ಬಂದಿದೆ. 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡೇ ತಿಂಗಳ ಮಿತಿಯನ್ನು ಸೂಚಿಸಿದೆ. ಕಾನೂನು ಕಡ್ಡಾಯ ಮಾಡುವವರೆಗೆ ಕಾಯುವುದು ವ್ರತಧಾರಿಗೆ ಶೋಭಿಸದು.

ಟ್ರಸ್ಟುಗಳಿಗೂ ಒಂದು ಮಾತು. ಸಮಂತಭದ್ರರು ಹೇಳಿದ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವೂ ಇದೆ. ಅವರು ಹೇಳಿದ್ದು ಸಂಯಮಿಗಳ ಸೇವೆಯ ಸಂದರ್ಭದಲ್ಲಿ ಎಂಬುದು ನಿಜ. ಆದರೂ ನೆರಳು ಕೊಡುವುದು ದಾನವೆಂಬ ತತ್ತ್ವವನ್ನು ಕರುಣೆಯಿಂದ ವಿಸ್ತರಿಸಿಕೊಳ್ಳಲು ಅಡ್ಡಿಯಿಲ್ಲ. ಬಸದಿ ಎಂಬ ನಮ್ಮ ಪವಿತ್ರ ಶಬ್ದವೇ ವಸತಿಯಿಂದ ಬಂದದ್ದು. ಬಸದಿಯ ನೆಲ ಗುಡಿಸುವವರು, ಹೂ ಕಟ್ಟಿ ತರುವವರು, ಕಾವಲು ಕಾಯುವವರು ಎಲ್ಲಿ ಮಲಗುತ್ತಾರೆಂದು ಮುಂದಿನ ಸಭೆಯಲ್ಲಿ ಒಬ್ಬರಾದರೂ ವಿಚಾರಿಸಲಿ. ಹೊಸ ಕಲ್ಯಾಣ ಮಂಟಪದ ನಕ್ಷೆಯಲ್ಲಿ ಅವರಿಗಾಗಿ ನಾಲ್ಕು ಕೋಣೆಗಳಿಗೆ ಜಾಗ ಸಿಗದಿರದು.

ಶಾಸನಗಳಲ್ಲಿ ಕೊಡಗೆ, ಕೊಡಿಗೆ ಎಂಬ ಮಾತು ದತ್ತಿಯಾಗಿ ಬಿಟ್ಟ ಭೂಮಿಗೆ ಸಲ್ಲುತ್ತದೆ. ಕೊಡಿಗೇಹಳ್ಳಿಯ ಹೆಸರು ಅದರಿಂದಲೇ ಬಂದಿತೆಂದು ನಾವು ಹಠ ಹಿಡಿಯಬೇಕಾಗಿಲ್ಲ. ಆದರೆ ಭೂಮಿಯನ್ನು ಕೊಡುವುದಕ್ಕೇ ಒಂದು ಹೆಸರಿಟ್ಟುಕೊಂಡಿದ್ದ ನಾಡು ಇದು ಎಂಬುದನ್ನು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮುನ್ನ, ಒಮ್ಮೆ ನೆನೆಯುವುದು ಒಳ್ಳೆಯದು.