ತಟ್ಟೆಯ ಪಕ್ಕ ಒಬ್ಬ ಕಲ್ಯಾಣಮಿತ್ರ

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಇವತ್ತು ಊಟದ ಬಗ್ಗೆ ನಾಲ್ಕು ಮಾತು. ಶೀಲ, ಸಮಾಧಿ, ಪ್ರಜ್ಞೆ ಬಿಟ್ಟು ರೊಟ್ಟಿ ಎಣಿಸುವುದಕ್ಕೆ ಬಂದಿರಾ ಎಂದು ನಗಬೇಡಿ. ನಮ್ಮ ಬಳಗದಲ್ಲಿ ಐದು ಮಂದಿ ಕೆಲವು ತಿಂಗಳಿಂದ ತೂಕ ಇಳಿಸುವ ಪ್ರಯತ್ನದಲ್ಲಿದ್ದೇವೆ. ಅದರಲ್ಲಿ ನಾನೂ ಒಬ್ಬ. ಶುರು ಮಾಡುವಾಗ ಇದು ಬರೀ ದೇಹದ ವಿಷಯ ಅಂದುಕೊಂಡಿದ್ದೆ. ಆಮೇಲೆ ಒಂದು ಪ್ರಶ್ನೆ ಎದ್ದಿತು. ನನಗೆ ನಾನೇ ದೀಪ ಎಂದು ಭಗವಾನರು ಹೇಳಿದ್ದಾರೆ. ಹಾಗಿದ್ದ ಮೇಲೆ ನನ್ನ ಬಾಯಿ ಕಟ್ಟಿಕೊಳ್ಳಲು ಇನ್ನೊಬ್ಬರ ಸಹಾಯ ಬೇಡುವುದು ದೌರ್ಬಲ್ಯವೇ?

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ.

ನನಗೆ ಐವತ್ತು ದಾಟಿದೆ. ಕಲಬುರಗಿಯಲ್ಲಿ ಕಚೇರಿ ಕೆಲಸ. ದಿನವಿಡೀ ಕುರ್ಚಿ. ತೂಕ 94 ಕೆ.ಜಿ., ಸೊಂಟದ ಸುತ್ತಳತೆ 108 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರವಾಗಬೇಕು ಎಂದು ವೈದ್ಯರು ಹೇಳಿದರು. ಮೂರು ತಿಂಗಳ ಸಕ್ಕರೆಯ ಸರಾಸರಿ 7.8 ಬಂದಿತ್ತು. ರಾತ್ರಿ ಅನ್ನ ಬಿಡಿ, ರೊಟ್ಟಿ ಎರಡಕ್ಕೆ ನಿಲ್ಲಿಸಿ, ಚಹಾಕ್ಕೆ ಸಕ್ಕರೆ ಬೇಡ, ದಿನಾ ನಡೆಯಿರಿ ಅಂದರು. ಕೇಳುವುದಕ್ಕೆ ಸುಲಭ.

ಮರುದಿನ ಕಚೇರಿಯಲ್ಲಿ ಈ ವಿಷಯ ಬಾಯಿ ಜಾರಿತು. ಪಕ್ಕದ ಟೇಬಲಿನವರು ಮುಗುಳ್ನಕ್ಕು, "ನಿಮ್ಮ ಊಟಾನೇ ಹಂಗ ಅಲ್ರಿ. ಮಾಂಸಾ ಬಿಡ್ರಿ, ತಾನೇ ಇಳೀತದ" ಅಂದರು. "ನಿಮ್ಮ" ಎಂಬ ಆ ಒಂದು ಮಾತಿನಲ್ಲಿ ಏನಿತ್ತು ಎಂಬುದನ್ನು ಈ ಬಳಗಕ್ಕೆ ಬಿಡಿಸಿ ಹೇಳಬೇಕಿಲ್ಲ. ವೈದ್ಯರು ಮಾಂಸದ ಮಾತೇ ಎತ್ತಿರಲಿಲ್ಲ. ಅವರು ಬೊಟ್ಟು ಮಾಡಿದ್ದು ದಿನಕ್ಕೆ ಐದು ಸಲ ಕುಡಿಯುವ ಸಿಹಿ ಚಹಾ ಮತ್ತು ಸಂಜೆಯ ಮಿರ್ಚಿ ಭಜಿಯ ಮೇಲೆ. ಆ ಭಜಿಯನ್ನು ನಾನು ತಿನ್ನುತ್ತಿದ್ದುದು ಅದೇ ಸಹೋದ್ಯೋಗಿಯ ಜೊತೆ ಕೂತು!

ಮನೆಯಲ್ಲಿ ಇನ್ನೊಂದು ಕಷ್ಟ. ರಾತ್ರಿ ಮೂರನೇ ರೊಟ್ಟಿಗೆ ಕೈ ಅಡ್ಡ ಹಿಡಿದೆ. ಅವ್ವ ರೊಟ್ಟಿ ಕೈಯಲ್ಲೇ ಹಿಡಿದು ನಿಂತಳು. "ನಿಮ್ಮಪ್ಪಗ ಇಷ್ಟು ಸಿಗಲಿಲ್ಲ. ಸಿಕ್ಕಾಂವ ನೀನು ಬ್ಯಾಡ ಅಂತೀದಿ" ಅಂದಳು. ಕಣ್ಣಲ್ಲಿ ನೀರಿತ್ತು.

ಅವ್ವ 1972ರ ಬರ ಕಂಡವಳು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವಾಗ ನಾನು ಅವಳ ಹೊಟ್ಟೆಯಲ್ಲಿದ್ದೆ. ಅವಳ ಪಾಲಿಗೆ ಮಗ ಹೊಟ್ಟೆ ತುಂಬ ಉಂಡು ಏಳುವುದೇ ಗೆಲುವು. ಆ ಗೆಲುವನ್ನು ನಾನು ತಟ್ಟೆಯಿಂದ ತಳ್ಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು.

ಹಸಿವು ಉಂಡ ದಿನಕ್ಕೆ ಮುಗಿದುಹೋಗುವುದಿಲ್ಲ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್‌ಲ್ಯಾಂಡ್ಸ್ ದೇಶದಲ್ಲಿ ಕ್ಷಾಮ ಬಿತ್ತು. ಆಗ ತಾಯಿಯ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಸಕ್ಕರೆಯನ್ನು ಹತೋಟಿಯಲ್ಲಿಡುವ ಶಕ್ತಿ ಅವರ ದೇಹದಲ್ಲಿ ಕಡಿಮೆ ಇದ್ದದ್ದು ಕಂಡುಬಂತು. ತಾಯಿ ಪಟ್ಟ ಹಸಿವನ್ನು ಮಗುವಿನ ದೇಹ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ನಮ್ಮವರಲ್ಲಿ ಯಾರ ಮೈಯಾದರೂ ದಪ್ಪವಾಗಿದ್ದರೆ ಅದನ್ನು ಬರೀ ಸೋಮಾರಿತನ, ಹೊಟ್ಟೆಬಾಕತನ ಎಂದು ತೀರ್ಪು ಕೊಡುವ ಮೊದಲು ಒಂದು ಕ್ಷಣ ನಿಲ್ಲಬೇಕು.

ಹಾಗಾದರೆ ಕಡಿಮೆ ಉಣ್ಣು ಎಂಬ ಮಾತು ಹಸಿದವರ ಮಕ್ಕಳಿಗೆ ಸಲ್ಲುತ್ತದೆಯೇ? ಭಗವಾನ್ ಬುದ್ಧರ ಬದುಕಿನ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

*ಮೊದಲನೆಯದು ಆಳವಿಯಲ್ಲಿ ನಡೆದದ್ದು.* ಧಮ್ಮಪದದ ಅಟ್ಠಕಥೆಯಲ್ಲಿ ಬರುತ್ತದೆ. ಅಲ್ಲಿ ಒಬ್ಬ ಬಡ ರೈತನಿಗೆ ಧಮ್ಮ ಕೇಳುವ ಆಸೆ. ಆದರೆ ಅಂದು ಅವನ ಎತ್ತು ತಪ್ಪಿಸಿಕೊಂಡಿತ್ತು. ಹುಡುಕಿ ಹುಡುಕಿ, ಹಸಿದು, ದಣಿದು ಬಂದ. ಭಗವಾನರು ಅವನಿಗಾಗಿ ಕಾದಿದ್ದರು. ಅವನು ಬಂದ ಕೂಡಲೇ ಉಪದೇಶ ಶುರು ಮಾಡಲಿಲ್ಲ. ಮೊದಲು ಊಟ ಹಾಕಿಸಿದರು. ಹಸಿದವನ ಕಿವಿಗೆ ಧಮ್ಮ ಇಳಿಯುವುದಿಲ್ಲ, ಹಸಿವಿಗಿಂತ ದೊಡ್ಡ ರೋಗವಿಲ್ಲ ಎಂಬುದು ಅವರ ನಿಲುವಾಗಿತ್ತು.

*ಎರಡನೆಯದು ಸಾವತ್ಥಿಯಲ್ಲಿ.* ಸಂಯುತ್ತ ನಿಕಾಯದ ಕೋಸಲ ಸಂಯುತ್ತದಲ್ಲಿದೆ. ಕೋಸಲದ ರಾಜ ಪಸೇನದಿ ಒಂದು ದೋಣದಷ್ಟು ಅನ್ನ ಉಂಡು ಏದುಸಿರು ಬಿಡುತ್ತಾ ಭಗವಾನರ ಬಳಿ ಬಂದು ಕೂತ. ಭಗವಾನರು ಅವನನ್ನು ಗೇಲಿ ಮಾಡಲಿಲ್ಲ, ಗದರಲಿಲ್ಲ. ಎಚ್ಚರದಿಂದ, ಅಳತೆ ಅರಿತು ಉಣ್ಣುವವನಿಗೆ ಆಗುವ ಹಿತವನ್ನು ಒಂದು ಗಾಥೆಯಲ್ಲಿ ಹೇಳಿದರು, ಅಷ್ಟೆ. ರಾಜನ ಹಿಂದೆ ಸುದಸ್ಸನ ಎಂಬ ತರುಣ ನಿಂತಿದ್ದ. ರಾಜನೇ ತಿರುಗಿ ಅವನಿಗೆ, ಈ ಗಾಥೆ ಕಲಿತುಕೋ, ನನಗೆ ಊಟ ಬಡಿಸುವಾಗ ಪ್ರತಿಸಲ ಹೇಳು ಎಂದ. ಅದಕ್ಕೆ ದಿನಕ್ಕೆ ನೂರು ಕಹಾಪಣ ಕೊಡುವುದಾಗಿಯೂ ಹೇಳಿದ. ಹೀಗೆ ಮೆಲ್ಲಮೆಲ್ಲಗೆ ಊಟ ಇಳಿಯುತ್ತಾ ದೋಣದಿಂದ ಒಂದು ನಾಳಿಕಕ್ಕೆ ಬಂತು. ಬಹಳ ದೊಡ್ಡ ಅಳತೆಯಿಂದ ಸಣ್ಣ ಅಳತೆಗೆ. ಮೈ ಹಗುರಾಯಿತು. ಇಹಕ್ಕೂ ಪರಕ್ಕೂ ಹಿತವಾಗುವಂತೆ ಭಗವಾನರು ತನ್ನ ಮೇಲೆ ಕರುಣೆ ತೋರಿದರು ಎಂದು ರಾಜ ಮೈ ಸವರಿಕೊಂಡು ಸಂತೋಷಪಟ್ಟ.

ಗುರು ಒಬ್ಬರೇ. ಹಸಿದವನಿಗೆ ಅನ್ನ ಕೊಡಿಸಿದರು, ಉಂಡವನಿಗೆ ಅಳತೆ ಕಲಿಸಿದರು. ಎರಡರ ಹಿಂದೆಯೂ ಇದ್ದದ್ದು ಕರುಣೆಯೇ. ತಾವೇ ಆರು ವರ್ಷ ದೇಹ ದಂಡಿಸಿ, ಅದರಿಂದ ಪ್ರಯೋಜನವಿಲ್ಲ ಎಂದು ಕಂಡು ಬಿಟ್ಟವರು ಅವರು. ಆದ್ದರಿಂದ ಅಳತೆ ಅರಿಯುವುದು ಉಪವಾಸವಲ್ಲ, ಶಿಕ್ಷೆಯೂ ಅಲ್ಲ. ನನ್ನ ಅವ್ವ ಆಳವಿಯ ರೈತನ ಕಾಲದವಳು. ಅವಳು ಪಟ್ಟ ಪಾಡಿನಿಂದಾಗಿ ನಾನು ಪಸೇನದಿಯ ಪಂಕ್ತಿಯಲ್ಲಿ ಕೂತಿದ್ದೇನೆ. ಪಂಕ್ತಿ ಬದಲಾದ ಮೇಲೆ ಔಷಧಿಯೂ ಬದಲಾಗಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಪಸೇನದಿ ದೊಡ್ಡ ರಾಜ. ಸೈನ್ಯ ನಡೆಸಿದವನು. ಆದರೂ ಒಂದು ತುತ್ತಿನ ಮುಂದೆ ತನ್ನ ಸಂಕಲ್ಪವೊಂದೇ ಸಾಲದು ಎಂದು ಅವನಿಗೆ ಗೊತ್ತಿತ್ತು. ಸುದಸ್ಸನ ರಾಜನ ಕೈ ಹಿಡಿಯಲಿಲ್ಲ, ತಟ್ಟೆ ಕಸಿದುಕೊಳ್ಳಲಿಲ್ಲ. ನೆನಪಿಸಿದ, ಅಷ್ಟೆ. ತುತ್ತು ನಿಲ್ಲಿಸಿದವನು ರಾಜನೇ. ಅತ್ತದೀಪ ಎಂಬುದರ ಅರ್ಥ ಇಲ್ಲಿ ತಿಳಿಯುತ್ತದೆ. ನಡೆಯುವ ಕಾಲು ನನ್ನದೇ ಆಗಿರಬೇಕು. ಆದರೆ ದಾರಿಯಲ್ಲಿ ಜೊತೆಗಾರ ಇರಬಾರದು ಎಂದು ಭಗವಾನರು ಎಲ್ಲೂ ಹೇಳಲಿಲ್ಲ. ಒಳ್ಳೆಯ ಮಿತ್ರರಿರುವುದು ಈ ದಾರಿಯ ಅರ್ಧ ಭಾಗ ಎಂದು ಆನಂದರು ಹೇಳಿದಾಗ, ಅರ್ಧವಲ್ಲ, ಪೂರ್ತಿ ಎಂದು ತಿದ್ದಿದವರೂ ಅವರೇ.

ಬಾಬಾಸಾಹೇಬರನ್ನೇ ನೆನೆಯಿರಿ. ಅವರಿಗೂ ಸಕ್ಕರೆ ಕಾಯಿಲೆ ಇತ್ತು. 1948ರ ಏಪ್ರಿಲ್ 15ರಂದು ಅವರ ಕೈ ಹಿಡಿದ ಡಾ. ಸವಿತಾ ಅವರು ವೈದ್ಯೆ. ಔಷಧಿ, ಪಥ್ಯ ಎರಡನ್ನೂ ಅವರು ನೋಡಿಕೊಂಡರು. ದೇಶಕ್ಕೆ ಸಂವಿಧಾನ ಬರೆದುಕೊಟ್ಟವರು ತಮ್ಮ ತಟ್ಟೆಯ ಪಕ್ಕದಲ್ಲಿ ಇನ್ನೊಬ್ಬರ ಕಾಳಜಿಯನ್ನು ಒಪ್ಪಿಕೊಂಡರು. ಅದರಿಂದ ಅವರ ಸ್ವಾಭಿಮಾನಕ್ಕೆ ಕುಂದು ಬರಲಿಲ್ಲ.

ಊಟದ ವಿಷಯದಲ್ಲಿ ಒಟ್ಟಾಗಿ ಸಂಕಲ್ಪ ಮಾಡುವುದು ನಮ್ಮ ಚಳವಳಿಗೆ ಹೊಸದೂ ಅಲ್ಲ. 1927ರ ಮಾರ್ಚ್‌ನಲ್ಲಿ ಮಹಾಡ್ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಇನ್ನೊಬ್ಬರು ಎಸೆದ ತಂಗಳು ಮುಟ್ಟಬೇಡಿ ಎಂದು ಕರೆ ಕೊಟ್ಟರು. ಹಸಿವಿದ್ದ ಕಾಲದಲ್ಲಿ ಒಬ್ಬೊಬ್ಬರೇ ಅದನ್ನು ಬಿಡುವುದು ಎಷ್ಟು ಕಷ್ಟವಿದ್ದೀತು! ಕೇರಿಗೆ ಕೇರಿಯೇ ಜೊತೆ ನಿಂತಾಗ ಅದು ಸಾಧ್ಯವಾಗುತ್ತದೆ. ಅಂದು ಬಿಟ್ಟದ್ದು ಗೌರವಕ್ಕಾಗಿ, ಇಂದು ಬಿಡುವುದು ಆರೋಗ್ಯಕ್ಕಾಗಿ. ನನ್ನ ಎರಡು ಚಹಾ ಬಿಟ್ಟದ್ದನ್ನು ಆ ತ್ಯಾಗಕ್ಕೆ ಸಮ ಅನ್ನುತ್ತಿಲ್ಲ. ಜೊತೆಗಾರರ ಬಲ ಏನು ಎಂಬುದಷ್ಟೇ ನನ್ನ ಮಾತು.

ಆದರೆ ಒಂದು ಸೂಕ್ಷ್ಮವಿದೆ, ಬಂಧುಗಳೇ. ಕಚೇರಿಯವರೂ ನನ್ನ ಊಟದ ಬಗ್ಗೆ ಮಾತಾಡಿದರು, ಸುದಸ್ಸನನೂ ರಾಜನ ಊಟದ ಬಗ್ಗೆ ಮಾತಾಡಿದ. ಒಂದು ಚುಚ್ಚಿತು, ಇನ್ನೊಂದು ಹಿತವಾಯಿತು. ಯಾಕೆ? *ಸುದಸ್ಸನನನ್ನು ರಾಜನೇ ಕೇಳಿಕೊಂಡಿದ್ದ.*

ಸಂಘದಲ್ಲಿ ಇದಕ್ಕೆ ಒಂದು ಪದ್ಧತಿಯೇ ಇದೆ. ವರ್ಷಾವಾಸ ಮುಗಿಯುವ ದಿನ ಪವಾರಣ ನಡೆಯುತ್ತದೆ. ಮೂರು ತಿಂಗಳು ಜೊತೆಗಿದ್ದ ಭಿಕ್ಖುಗಳು ಒಬ್ಬೊಬ್ಬರಾಗಿ ಕೈ ಮುಗಿದು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಕೇಳಿಕೊಳ್ಳುತ್ತಾರೆ. ಹಿರಿಯ ಭಿಕ್ಖುವೇ ಮೊದಲು ಕೇಳುತ್ತಾರೆ. ನಮ್ಮ ಹಿರಿಯರ ತಟ್ಟೆಯ ಬಗ್ಗೆ ಯಾರು ಬೇಕಾದರೂ ಮಾತಾಡುತ್ತಿದ್ದರು. ಏನು ತಿನ್ನಬೇಕು, ಯಾರ ಜೊತೆ ತಿನ್ನಬೇಕು, ಎಲ್ಲಿ ಕೂರಬೇಕು ಎಲ್ಲವನ್ನೂ ಬೇರೆಯವರೇ ಹೇಳುತ್ತಿದ್ದರು. ಹಾಗಿರುವಾಗ ನಾವೇ ಒಬ್ಬರ ತಟ್ಟೆ ಇನ್ನೊಬ್ಬರು ಇಣುಕಿ, "ಏನಕ್ಕಾ, ಎಷ್ಟ್ ದಪ್ಪ ಆಗೀರಿ" ಅಂದರೆ ಅದೇ ಹಳೆಯ ಗಾಯವನ್ನು ಕೆದಕಿದ ಹಾಗೆ. ಕೇಳದೆ ಹೇಳಿದ ಬುದ್ಧಿಮಾತು ಬಹಳ ಸಲ ಅವಮಾನವಾಗುತ್ತದೆ. ಅದೇ ಮಾತು ಕೇಳಿಕೊಂಡಾಗ ಬಂದರೆ ಮೈತ್ರಿಯಾಗುತ್ತದೆ.

ಆದ್ದರಿಂದ ನಾವು ಐದು ಮಂದಿ ಕೆಲವು ನಿಯಮ ಮಾಡಿಕೊಂಡೆವು. ಭಾನುವಾರ ವಂದನೆ ಮುಗಿದ ಮೇಲೆ ಹತ್ತು ನಿಮಿಷ ಕೂರುವುದು. ಯಾರ ತೂಕವನ್ನೂ ಯಾರೂ ಕೇಳುವಂತಿಲ್ಲ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು. ಈ ವಾರ ಏನು ಮಾಡುತ್ತೇನೆ ಎಂದು ಒಂದೇ ಒಂದು ಮಾತು ಹೇಳುವುದು. ಯಾವ ವಿಷಯದಲ್ಲಿ ನನ್ನನ್ನು ಎಚ್ಚರಿಸಬಹುದು ಎಂಬುದನ್ನು ಅವರವರೇ ಹೇಳುವುದು. ಬೆಳಗ್ಗೆ ಆರಕ್ಕೆ ಒಟ್ಟಿಗೆ ನಡೆಯುವುದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡುವಂತಿಲ್ಲ.

ನಾಲ್ಕು ತಿಂಗಳಲ್ಲಿ ನಾನು 94ರಿಂದ 89ಕ್ಕೆ ಬಂದೆ. ಆಮೇಲೆ ಒಂದರ ಹಿಂದೆ ಒಂದು ಮದುವೆ ಬಂದವು. ಮತ್ತೆ 91 ಆಯಿತು. ನಾಚಿಕೆಯಿಂದ ಎರಡು ಭಾನುವಾರ ವಿಹಾರಕ್ಕೇ ಹೋಗಲಿಲ್ಲ. ಬಳಗದ ಅಕ್ಕ ಒಬ್ಬರು ಫೋನ್ ಮಾಡಿದರು. ತೂಕ ಕೇಳಲಿಲ್ಲ. ಯಾಕೆ ಬಂದಿಲ್ಲ ಎಂದೂ ಕೇಳಲಿಲ್ಲ. "ಅಣ್ಣಾ, ನಾಳೆ ಆರಕ್ಕ ನಿಮ್ಮ ಓಣಿ ಮುಂದೇ ಹಾದು ಹೋಗ್ತೀವಿ. ಬಂದ್ರ ಬರ್ರಿ" ಅಂದರು. ಮರುದಿನ ಹೋದೆ. ಮೊದಲರ್ಧ ದಾರಿ ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಬಹಳ ಹಿತವಾಗಿತ್ತು.

ಅವ್ವನ ವಿಷಯ ಹೇಳಿ ಮುಗಿಸುತ್ತೇನೆ. ಒಂದು ರಾತ್ರಿ ಅವಳಿಗೆ ಪಸೇನದಿ ರಾಜನ ಕಥೆ ಹೇಳಿದೆ. ಮೊದಲು ಆಳವಿಯ ರೈತನ ಕಥೆ, ಆಮೇಲೆ ರಾಜನದು. ಕೊನೆಗೆ, "ಅವ್ವಾ, ನನಗ ಸುದಸ್ಸನ ನೀನ ಆಗು. ಎರಡು ರೊಟ್ಟಿ ಆದ ಮ್ಯಾಲ ನೀನ ಹೇಳು" ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. "ರಾಜಾ ನೂರು ರೊಕ್ಕ ಕೊಡ್ತಿದ್ದ ಅಂದಿ. ನೀ ಏನ್ ಕೊಡ್ತಿ?" ಅಂತ ಕೇಳಿದಳು. ಇಬ್ಬರೂ ನಕ್ಕೆವು. ಆಮೇಲೆ ಅವಳೇ ಅಂದಳು, "ನನಗ ಬಿಪಿ ಅದ. ಉಪ್ಪಿನಕಾಯಿ ಬಿಡು ಅಂತ ಡಾಕ್ಟರ್ ಹೇಳ್ಯಾರ. ನಾ ಭರಣಿಗೆ ಕೈ ಹಾಕಿದಾಗ ನೀ ಹೇಳು."

ಈಗ ದಿನಾ ರಾತ್ರಿ ಎರಡನೇ ರೊಟ್ಟಿ ಹಾಕಿ "ಎರಡಾತು" ಅನ್ನುತ್ತಾಳೆ. ಮೊದಲ ದಿನ ಆ ಮಾತು ಹೇಳುವಾಗ ಅವಳ ದನಿ ನಡುಗಿತ್ತು. ಮಗನಿಗೆ ಸಾಕು ಎಂದು ಹೇಳುವುದು ಆ ತಾಯಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಒಮ್ಮೊಮ್ಮೆ ಆ ಎರಡನೇ ರೊಟ್ಟಿಗೆ ಬೆಣ್ಣೆ ಜಾಸ್ತಿಯೇ ಇರುತ್ತದೆ. ಅದನ್ನು ಇನ್ನೂ ಸಂಘದ ಮುಂದೆ ಇಟ್ಟಿಲ್ಲ!

*ಇಂದಿನ ಅಭ್ಯಾಸ:* ಇವತ್ತು ಯಾರ ತಟ್ಟೆಯ ಬಗ್ಗೆಯೂ, ಯಾರ ಮೈಯ ಬಗ್ಗೆಯೂ ಅವರು ಕೇಳದೆ ಮಾತಾಡದಿರೋಣ. ನಿಮಗೆ ಬಿಡಲಾಗದ ಒಂದು ಅಭ್ಯಾಸವಿದ್ದರೆ ನೀವು ನಂಬುವ ಒಬ್ಬರ ಬಳಿ ಹೋಗಿ, "ಇದರಲ್ಲಿ ನನ್ನನ್ನು ಎಚ್ಚರಿಸು" ಎಂದು ಕೇಳಿಕೊಳ್ಳಿ. ಅವರಿಗೂ ಅಂಥದೊಂದು ಇದ್ದೀತು. ಅವರಾಗಿ ಕೇಳಿದರೆ ನೀವೂ ಜೊತೆ ನಿಲ್ಲಿ.

ಎಲ್ಲರಿಗೂ ಹೊಟ್ಟೆ ತುಂಬ ಅನ್ನ ಸಿಗಲಿ. ಸಿಕ್ಕವರಿಗೆ ಅಳತೆ ತಿಳಿಯಲಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್. 🙏