ಹಳೆಯ ಜೀಪು, ಹೊಸ ಜೀಪು ಮತ್ತು ಶ್ರಾವಕನ ಮಿತಿ

ಗುಡ್ಡಗಾಡಿನ ಹಾದಿಗೆಂದೇ ಮಾಡಿದ ಹಳೆಯ ವಾಹನವನ್ನು ಇಟ್ಟುಕೊಳ್ಳುವುದೋ, ಕೊಟ್ಟು ಹೊಸ ಮಾದರಿ ತರುವುದೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಬರೀ ಲೆಕ್ಕಾಚಾರದ್ದು. ಮಲೆನಾಡು, ಕೊಡಗುಗಳಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಮಹೀಂದ್ರದ ಎಂಎಂ 540, 1985ರಲ್ಲಿ ಬಂದ ಮಾರುತಿ ಜಿಪ್ಸಿ ಅಥವಾ 2010ರ ಮೊದಲ ಥಾರ್ ಇರುತ್ತದೆ. ಇನ್ನೊಂದರಲ್ಲಿ 2020ರ ಎರಡನೇ ಥಾರ್, 2023ರ ಜಿಮ್ನಿ ಅಥವಾ 2024ರ ಐದು ಬಾಗಿಲಿನ ಥಾರ್ ರಾಕ್ಸ್. ರಿಪೇರಿ ಖರ್ಚು, ಮೈಲೇಜು, ಸಾಲದ ಕಂತು, ಮಾರಿದರೆ ಬರುವ ಬೆಲೆ ಎಲ್ಲವನ್ನೂ ಕೂಡಿ ಕಳೆದರೆ ಒಂದು ಉತ್ತರ ಸಿಕ್ಕೇ ಸಿಗುತ್ತದೆ. ಆ ಉತ್ತರ ಕೈಯಲ್ಲಿದ್ದರೂ ಮನಸ್ಸು ತೀರ್ಮಾನಕ್ಕೆ ಬಾರದಿರುವುದೇ ಹೆಚ್ಚು. ಲೆಕ್ಕಕ್ಕೆ ಸಿಗದೆ ಉಳಿಯುವ ಭಾಗ ಧರ್ಮದ್ದು: ಗೃಹಸ್ಥನಿಗೆ ಎಷ್ಟು ಸಾಕು, ಯಾವ ಕೆಲಸಕ್ಕೆ, ಎಲ್ಲಿಯ ತನಕ? ಭಾರತದ ಪರಂಪರೆಗಳಲ್ಲಿ ಇದನ್ನು ಎಳೆಎಳೆಯಾಗಿ ಬಿಡಿಸಿಟ್ಟವು ಜೈನರ ಶ್ರಾವಕಾಚಾರ ಗ್ರಂಥಗಳು, ಅಂದರೆ ಶ್ರಾವಕನ (ಗೃಹಸ್ಥನ) ನಡತೆಯನ್ನು ಹೇಳುವ ಗ್ರಂಥಗಳು. ವಾಹನವನ್ನು ಅವು ಹೆಸರೆತ್ತಿಯೇ ಚರ್ಚಿಸುತ್ತವೆ. ಹೊಂಬುಜ, ನರಸಿಂಹರಾಜಪುರದ ಸಿಂಹನಗದ್ದೆ, ಕಾರ್ಕಳದಂಥ ಜೈನಕ್ಷೇತ್ರಗಳು ಜೀಪಿಲ್ಲದೆ ನಡೆಯದ ಸೀಮೆಯಲ್ಲೇ ಇರುವುದರಿಂದ ಈ ಎರಡನ್ನೂ ಜೋಡಿಸಿ ನೋಡುವುದು ಅಷ್ಟೇನೂ ದೂರದ ಮಾತಲ್ಲ.

ಜೈನಧರ್ಮದಲ್ಲಿ ಒಂದೇ ವ್ರತಕ್ಕೆ ಎರಡು ಮಟ್ಟಗಳಿವೆ. ಮುನಿಯದು ಮಹಾವ್ರತ, ಗೃಹಸ್ಥನದು ಅಣುವ್ರತ. ದಿಗಂಬರ ಮುನಿ ಯಾವ ವಾಹನವನ್ನೂ ಹತ್ತುವುದಿಲ್ಲ. ಊರಿಂದೂರಿಗೆ ಕಾಲ್ನಡಿಗೆಯ ವಿಹಾರವೇ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ದೇಹಬಿಟ್ಟ ಆಚಾರ್ಯ ವಿದ್ಯಾಸಾಗರರು ಮಧ್ಯಭಾರತದ ಉದ್ದಗಲವನ್ನು ಹೀಗೆಯೇ ನಡೆದರು. ಗೃಹಸ್ಥನಿಂದ ಇದನ್ನು ಯಾರೂ ಬಯಸುವುದಿಲ್ಲ. ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಅವನೇ ಒಂದು ಗೆರೆ ಎಳೆದುಕೊಳ್ಳಬೇಕು. ಇದು ಪರಿಗ್ರಹ ಪರಿಮಾಣ ವ್ರತ. ದಿಗಂಬರರು ಎಣಿಸುವ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ಯಾನವೂ ಒಂದು. ಗೆರೆಯನ್ನು ಎಳೆಯಬೇಕಾದದ್ದು ಶೋರೂಮಿಗೆ ಹೋಗುವ ಮೊದಲು ಎಂಬುದು ಇಲ್ಲಿ ಮುಖ್ಯ. ಮನೆಗೆ ಒಂದೇ ಗಾಡಿ ಎಂದುಕೊಂಡವನಿಗೆ ಹಳೆಯದನ್ನು ಬಿಟ್ಟು ಹೊಸದನ್ನು ತರಲು ವ್ರತ ಅಡ್ಡ ಬರುವುದಿಲ್ಲ. ಹೊಸದು ಪೇಟೆಗೆ, ಹಳೆಯದು ತೋಟಕ್ಕೆ ಎಂದು ಎರಡನ್ನೂ ಇಟ್ಟುಕೊಂಡರೆ ಅಡ್ಡ ಬರುತ್ತದೆ. ಹೊಸ ಗಾಡಿ ಕೊಂಡ ಹೆಚ್ಚಿನ ಮನೆಗಳಲ್ಲಿ ಆಗುವುದು ಇದೇ.

ಎಣಿಕೆ ಮಾತ್ರ ಸಾಲದು ಎನ್ನುತ್ತದೆ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ. ಅದರ ಏಳನೆಯ ಅಧ್ಯಾಯ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ವಸ್ತುವಿಗೆ ಅಂಟಿಕೊಂಡು ಮೈಮರೆಯುವ ಸ್ಥಿತಿಯಲ್ಲಿ ಗುರುತಿಸುತ್ತದೆ. ಬಾಹ್ಯ ಪರಿಗ್ರಹ ಹತ್ತಾದರೆ ಅಂತರಂಗದ್ದು ಹದಿನಾಲ್ಕು. ಕ್ರೋಧ, ಮಾನ, ಮಾಯೆ, ಲೋಭ, ರತಿ, ಶೋಕ, ಭಯ ಎಲ್ಲ ಅದರಲ್ಲಿವೆ. ಹೊಸ ಗಾಡಿಯ ಆಸೆಯನ್ನು ಈ ಪಟ್ಟಿಗೆ ಸೇರಿಸಲು ಯಾರೂ ಹಿಂಜರಿಯರು. ಹಳೆಯ ಗಾಡಿಯ ಮಮತೆಯೂ ಅಲ್ಲೇ ಸೇರುತ್ತದೆ ಎಂಬುದನ್ನು ಒಪ್ಪುವವರು ಕಡಿಮೆ. ಅಪ್ಪ ಓಡಿಸಿದ ಜೀಪು, ಆ ಕಾಲದ ಗಟ್ಟಿ ತಗಡು, ಯಾವ ಊರಿನ ಗ್ಯಾರೇಜಿನಲ್ಲೂ ಬಿಚ್ಚಿ ಕೂರಿಸಬಹುದಾದ ಎಂಜಿನ್ ಎಂಬ ಮಾತುಗಳಲ್ಲಿ ನಿಜವೂ ಇದೆ, ಮಾನವೂ ಇದೆ. ಹಳೆಯದನ್ನು ಇಟ್ಟುಕೊಂಡವನು ಸರಳ, ಹೊಸದನ್ನು ಕೊಂಡವನು ಆಸೆಬುರುಕ ಎಂಬ ಸಲೀಸು ತೀರ್ಪು ಈ ಸೂತ್ರದ ಮುಂದೆ ನಿಲ್ಲುವುದಿಲ್ಲ.

ಮುಂದಿನ ವಿವರಗಳನ್ನು ಒದಗಿಸುವುದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ. ನೂರೈವತ್ತು ಶ್ಲೋಕಗಳ ಪುಟ್ಟ ಗ್ರಂಥ. ಕರ್ತೃವನ್ನು ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿಯೂ ಸ್ಮರಿಸುತ್ತದೆ. ಅಣುವ್ರತಗಳಿಗೆ ಬಲಕೊಡುವ ಮೂರು ಗುಣವ್ರತಗಳನ್ನು ಅದು ಹೇಳುತ್ತದೆ: ದಿಗ್ವ್ರತ, ಅನರ್ಥದಂಡ ವ್ರತ, ಭೋಗೋಪಭೋಗ ಪರಿಮಾಣ ವ್ರತ. ಕಾಡುಹಾದಿಯ ವಾಹನದ ವಿಷಯದಲ್ಲಿ ಮೂರಕ್ಕೂ ಮಾತಿದೆ, ಅದರಲ್ಲೂ ಮೊದಲೆರಡಕ್ಕೆ ಹೆಚ್ಚು.

ಓಡಾಟಕ್ಕೆ ದಿಕ್ಕುದಿಕ್ಕಿಗೂ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಎಲ್ಲೆ ಎಲ್ಲರಿಗೂ ಗೊತ್ತಿರುವ ಗುರುತಾಗಿರಬೇಕು. ಸಮಂತಭದ್ರರು ಕೊಡುವ ಗುರುತುಗಳು ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನ. ನಾಲ್ಕು ಚಕ್ರಕ್ಕೂ ಬಲ ಹರಿಸುವ ವಾಹನದ ಜಾಹೀರಾತು ತೋರಿಸುವುದೂ ಇವನ್ನೇ, ದಾಟಿ ತೋರಿಸಲಿಕ್ಕೆ. 650 ಮಿಲಿಮೀಟರ್ ನೀರಿನಲ್ಲಿ ಇಳಿದು ಹೋಗಬಲ್ಲದು ಎಂಬುದು ಎರಡನೇ ಥಾರ್‌ನ ಹೆಗ್ಗಳಿಕೆಗಳಲ್ಲಿ ಒಂದು. ವ್ರತದ ಕಣ್ಣಿನಲ್ಲಿ ಹೊಳೆ ಎಂದರೆ ನಿಲ್ಲಬೇಕಾದ ಜಾಗ. ಎಲ್ಲೆಯಾಚೆ ತನ್ನಿಂದ ಯಾವ ಹಿಂಸೆಯೂ ಆಗದಿರುವುದರಿಂದ ಅಲ್ಲಿಯ ಮಟ್ಟಿಗೆ ಗೃಹಸ್ಥನ ಅಣುವ್ರತ ಮಹಾವ್ರತಕ್ಕೆ ಸಮ ಎಂದು ಗ್ರಂಥ ಹೇಳುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ಹಳೆಯ ಗಾಡಿ ಹೋಗಲಾರದ ಯಾವ ಜಾಗಕ್ಕೆ ಹೊಸದು ಬೇಕು ಎಂಬುದನ್ನು. ಮಳೆಗಾಲದಲ್ಲಿ ಹೊರಜಗತ್ತಿನಿಂದ ಕಡಿದುಹೋಗುವ ಮನೆಗೆ ದಾರಿ ಬೇಕಿದ್ದರೆ ಉತ್ತರ ಸುಲಭ. ಹೋಗಬೇಕಾದ ಜಾಗಗಳೆಲ್ಲಕ್ಕೂ ಹಳೆಯದೇ ಹೋಗುತ್ತಿದ್ದರೆ, ಹೊಸದು ತರುವುದು ಎಲ್ಲೆಯನ್ನು ಮುಂದಕ್ಕೆ ಸರಿಸಿಕೊಳ್ಳುವ ಕೆಲಸವಷ್ಟೇ.

ಅನರ್ಥದಂಡ ವ್ರತ ಇನ್ನೂ ಚುರುಕು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು ಅದರ ಗುರಿ. ಅದರಲ್ಲಿ ಬರುವ ಪ್ರಮಾದಚರ್ಯೆಯ ವಿವರಣೆಯಲ್ಲಿ ಸುಮ್ಮನೆ ನೆಲ ಕೆದಕುವುದು, ನೀರು ಕದಡುವುದು, ಗಿಡಮರ ಕಡಿಯುವುದು, ಕೆಲಸವಿಲ್ಲದೆ ಅಲೆಯುವುದು, ಇತರರನ್ನೂ ಅಲೆಸುವುದು ಸೇರಿವೆ. ರಜಾದಿನದ ಜೀಪು ಮೋಜಿಗೆ ಇದಕ್ಕಿಂತ ಚೊಕ್ಕ ವರ್ಣನೆ ಇಂದಿನವರೂ ಬರೆದಿಲ್ಲ. ನೆಲ, ನೀರು, ಗಿಡಗಳಲ್ಲೂ ಏಕೇಂದ್ರಿಯ ಜೀವಗಳಿವೆ ಎಂಬುದು ಜೈನ ನಿಲುವು. ಹಳ್ಳದ ತಳದ ಕೆಸರನ್ನು ಚಕ್ರ ಮೇಲೆಬ್ಬಿಸಿದರೆ ಮೀನಿನ ಮೊಟ್ಟೆ ಹೂತುಹೋಗುತ್ತದೆ ಎಂಬುದಕ್ಕೆ ಆ ನಿಲುವಿನ ಅಗತ್ಯವೂ ಇಲ್ಲ. ಬೆಳೆ ಸಾಗಿಸುವ ತೋಟದ ಜೀಪೂ, ಕೊಲ್ಲೂರಿನ ಯಾತ್ರಿಕರನ್ನು ಕೊಡಚಾದ್ರಿಗೆ ಹತ್ತಿಸುವ ಬಾಡಿಗೆ ಜೀಪೂ ಅದೇ ನೆಲವನ್ನು ಕೆದಕುತ್ತವೆ, ನಿಜ. ಅವಕ್ಕೆ ಪ್ರಯೋಜನವಿದೆ, ಹಾಗಾಗಿ ಅನರ್ಥ ಎಂಬ ಮಾತು ಅವುಗಳ ಬಗ್ಗೆ ನಿಲ್ಲದು. ಯಾತ್ರೆಯ ಹೆಸರಿನಲ್ಲಿ ಎಷ್ಟು ಜೀಪು ಬೆಟ್ಟ ಹತ್ತಬಹುದು ಎಂಬುದು ಬೇರೆಯೇ ಚರ್ಚೆ. ಮೋಜಿನ ಓಡಾಟಕ್ಕೆ ಮಾತ್ರ ಇರುವ ಗಾಡಿ ಹಳೆಯದೋ ಹೊಸದೋ ಎಂದು ಈ ವ್ರತ ಕೇಳುವುದೇ ಇಲ್ಲ.

ಮೂರನೆಯ ವ್ರತ ಬಳಕೆಯ ಮಿತಿಯದು. ಒಮ್ಮೆ ಬಳಸಿದರೆ ಮುಗಿಯುವ ಅನ್ನದಂಥದ್ದು ಭೋಗ, ಮತ್ತೆ ಮತ್ತೆ ಬಳಸುವ ಬಟ್ಟೆಯಂಥದ್ದು ಉಪಭೋಗ. ಮಿತಿ ಹಾಕಬೇಕಾದ ಸಂಗತಿಗಳ ಪಟ್ಟಿಯಲ್ಲಿ ಊಟದ ಬೆನ್ನಿಗೇ ವಾಹನ ಬರುತ್ತದೆ. ಹಾಸಿಗೆ, ಸ್ನಾನ, ತಾಂಬೂಲ, ಒಡವೆ, ಸಂಗೀತಗಳೆಲ್ಲ ಆಮೇಲೆ. ಬಿಡುವುದರಲ್ಲೂ ಎರಡು ಬಗೆ: ಸಾಯುವ ತನಕ ಬಿಟ್ಟರೆ ಯಮ, ಗೊತ್ತಾದ ಅವಧಿಗೆ ಬಿಟ್ಟರೆ ನಿಯಮ. ನಿಯಮ ಒಂದು ಹಗಲಿನದಾಗಬಹುದು, ಪಕ್ಷ, ಮಾಸ, ಋತು ಅಥವಾ ಅಯನದ್ದಾಗಬಹುದು. ಗಾಡಿ ಬದಲಿಸುವ ಪ್ರಶ್ನೆಗೆ ಇದು ತುಂಬ ಕೆಲಸಕ್ಕೆ ಬರುವ ಸಲಕರಣೆ. ಜೀವಮಾನದಲ್ಲಿ ಹೊಸ ಗಾಡಿ ಕೊಳ್ಳೆನೆಂದು ಆಣೆ ಮಾಡಿ ಮುರಿಯುವುದಕ್ಕಿಂತ ಈ ಮಳೆಗಾಲ ಕಳೆಯುವ ತನಕ ಆ ಮಾತು ಎತ್ತುವುದಿಲ್ಲ ಎಂದುಕೊಳ್ಳುವುದು ಸಾಧ್ಯವಾದ ಮಾತು. ಸ್ವಂತ ಬಳಕೆಯ ವಾಹನದ ನೋಂದಣಿಗೆ ಕಾನೂನೇ ಹದಿನೈದು ವರ್ಷದ ಅವಧಿ ಇಟ್ಟಿದೆ; ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಿಯಮಕ್ಕೆ ಕೊನೆಯ ದಿನ ಬೇಕಿದ್ದವರಿಗೆ ಅದೂ ಆದೀತು.

ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ, ಎಂದರೆ ವ್ರತ ಜಾರುವ ಬಗೆಗಳಲ್ಲಿ, ಎರಡು ಇಲ್ಲಿ ಮುಖಾಮುಖಿಯಾಗುತ್ತವೆ. ಹಿಂದೆ ಉಂಡ ಸುಖವನ್ನು ಮತ್ತೆ ಮತ್ತೆ ನೆನೆಯುವುದು ಅನುಸ್ಮೃತಿ. ಮುಂದೆ ಸಿಗಲಿರುವ ಸುಖಕ್ಕೆ ಬಾಯಾರುವುದು ಅತಿತೃಷೆ. ಹಳೆಯ ಜೀಪಿನ ಫೋಟೋ ತೆಗೆದು ನೋಡುವವನೂ ಹೊಸದರ ಬುಕಿಂಗ್ ದಿನ ಎಣಿಸುವವನೂ ಒಂದೇ ಶ್ಲೋಕದಲ್ಲಿ ಸಿಕ್ಕಿಬೀಳುತ್ತಾರೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳೂ ಐದು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಅತಿವಾಹನವೆಂದರೆ ಲಾಭದಾಸೆಗೆ ಎತ್ತುಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದು ಎಂಬ ವ್ಯಾಖ್ಯಾನವಿದೆ. ಬೇಕಾದುದಕ್ಕಿಂತ ಹೆಚ್ಚು ವಾಹನ ಇಟ್ಟುಕೊಳ್ಳುವುದು ಎಂದೂ ಹೇಳುವವರಿದ್ದಾರೆ. ಪರರ ಸಿರಿಗೆ ಬೆರಗಾಗುವ ವಿಸ್ಮಯ ಮೊದಲ ನೋಟಕ್ಕೆ ದೋಷವೆನಿಸದು. ಆದರೆ ಪಕ್ಕದ ತೋಟದವರು ಹೊಸ ಥಾರ್ ತಂದ ವಾರವೇ ತಮ್ಮ ಜೀಪಿನ ಕ್ಲಚ್ ಗಟ್ಟಿ ಅನ್ನಿಸಲು ಶುರುವಾಗುವುದು ಊರೂರಲ್ಲೂ ಇದ್ದದ್ದೇ.

ಇಷ್ಟನ್ನೂ ಓದಿದವರಿಗೆ ಶಾಸ್ತ್ರ ಹಳೆಯದರ ಕಡೆಗೇ ವಾಲಿದೆ ಅನ್ನಿಸಬಹುದು. ಅದನ್ನು ತಿರುಗಿಸುವುದು ಅಹಿಂಸೆಯ ವಿಚಾರ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಕೂಡಿದ ಮನ, ಮಾತು, ಮೈಗಳ ಕ್ರಿಯೆಯಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ. ಕೊಲ್ಲುವ ಉದ್ದೇಶ ಇರಬೇಕಾಗಿಲ್ಲ. ಹಳೆಯ ಜೀಪಿನ ಹಿಂಬದಿಯಲ್ಲಿ ಉದ್ದಕ್ಕೆ ಎರಡು ಬೆಂಚು. ಕೂತವರು ಎದುರುಬದುರು, ಕಟ್ಟಿಕೊಳ್ಳಲು ಬೆಲ್ಟ್ ಇಲ್ಲ, ಮೇಲೆ ಬಟ್ಟೆಯ ಹುಡ್. ಮೊದಲ ಥಾರ್‌ನಲ್ಲೂ ಏರ್‌ಬ್ಯಾಗ್ ಇರಲಿಲ್ಲ. 2020ರ ಥಾರ್ ಮುಂದಿನ ಸೀಟುಗಳಿಗೆ ಏರ್‌ಬ್ಯಾಗ್ ಮತ್ತು ಎಬಿಎಸ್ ಹೊತ್ತು ಬಂತು, ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯ ವಿಷಯದಲ್ಲಿ ಈ ವ್ಯತ್ಯಾಸವನ್ನು ಸರಳತೆಯ ಹೆಸರಿನಲ್ಲಿ ತಳ್ಳಿಹಾಕುವುದು ಅಪರಿಗ್ರಹವಾಗದು.

ಪ್ರಮಾದವನ್ನು ಕಣ್ಣಾರೆ ಕಾಣಬೇಕಿದ್ದರೆ ಜೀಪಿನ ಅಡಿಗೆ ತೂರಬೇಕು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಎರಡೂ ಚಾಸಿಯನ್ನು ಒಳಗಿನಿಂದ ತಿನ್ನುತ್ತವೆ; ಹೊರಗಿನ ಬಣ್ಣ ನೆಟ್ಟಗೇ ಇರುತ್ತದೆ. ಅನುಭವಸ್ಥ ಮೆಕ್ಯಾನಿಕ್ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಹೋಗುತ್ತಾನೆ. ಗಟ್ಟಿ ಲೋಹ ಟಣ್ ಎನ್ನುತ್ತದೆ, ತುಕ್ಕು ತಿಂದ ಕಡೆ ಸದ್ದು ಮಂದವಾಗಿ ಹೊಪ್ಪಳೆ ಉದುರುತ್ತದೆ. ಪಟ್ಟೆ ಸ್ಪ್ರಿಂಗ್ ಕಚ್ಚಿಕೊಂಡಿರುವ ಜಾಗದಲ್ಲೇ ಸದ್ದು ಬದಲಾದರೆ, ಅಲ್ಲಿಗೆ ವೆಲ್ಡಿಂಗ್ ಹಾಕಿಸಿ ಘಾಟಿ ಇಳಿಯುವುದು ಜನರ ಪ್ರಾಣದ ಜೊತೆ ಆಟ. ಸದ್ದು ಉದ್ದಕ್ಕೂ ಒಂದೇ ಸಮ ಇದ್ದು, ಬ್ರೇಕು ಸ್ಟೇರಿಂಗು ಸರಿಯಿದ್ದು, ಹೋಗುವುದು ತೋಟದೊಳಗಿನ ದಾರಿಯಲ್ಲಿ ಆಳೋಟದ ವೇಗದಲ್ಲಿ ಮಾತ್ರ ಎಂದಾದರೆ, ಹೊಸದಕ್ಕೆ ಸುರಕ್ಷತೆಯ ನೆವ ಕೊಡುವುದೂ ಅಷ್ಟೇ ಅಪ್ರಾಮಾಣಿಕ. ಹೊಗೆಯ ವಿಚಾರದಲ್ಲಿ ತೂಕ ಬೇರೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಗಾಡಿಗಳ ಮಸಿ ಹಳೆಯ ಡೀಸೆಲ್ ಎಂಜಿನ್‌ಗಿಂತ ಬಹಳ ಕಡಿಮೆ. ಆದರೆ ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಗಾಡಿಗಾಗಿ ಹೊಸ ಉಕ್ಕು ಕಾಯಿಸಿ ಎರಕ ಹೊಯ್ಯುವುದೂ ಹಿಂಸೆಯ ಲೆಕ್ಕದಲ್ಲಿ ಬರುತ್ತದೆ.

ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲ ಬದಲಿಸಿದ ಜೀಪು ಹಳೆಯದೋ ಹೊಸದೋ ಎಂಬ ತಕರಾರು ತತ್ತ್ವಶಾಸ್ತ್ರದಲ್ಲಿ ಹಳತು. ಬೌದ್ಧರ ಮಿಲಿಂದ ಪ್ರಶ್ನೆ ಗ್ರಂಥದಲ್ಲಿ ಭಿಕ್ಷು ನಾಗಸೇನ, ರಥ ಎಂಬುದು ಬಿಡಿಭಾಗಗಳ ಕೂಟಕ್ಕೆ ಇಟ್ಟ ಹೆಸರು ಮಾತ್ರ ಎನ್ನುತ್ತಾನೆ. ಭಾಗಗಳಿಗಿಂತ ಬೇರೆಯಾದ ಅವಯವಿ ಇದೆ ಎಂಬುದು ನೈಯಾಯಿಕರ ವಾದ. ಜೈನರಿಗೆ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ ಇರುವುದೇ ಸತ್. ಆರ್‌ಟಿಒ ಕಚೇರಿ ಮಾತ್ರ ಚಾಸಿ ನಂಬರನ್ನು ನೋಡಿ ವಿವಾದ ಮುಗಿಸುತ್ತದೆ. ವ್ರತಕ್ಕೆ ಸಂಬಂಧಿಸಿದಂತೆ ಇಲ್ಲಿ ತಿಳಿಯಬೇಕಾದದ್ದು ಇಷ್ಟು: ಹಳೆಯದನ್ನೇ ಉಳಿಸಿಕೊಂಡೆ ಎನ್ನುತ್ತ ಅದಕ್ಕೆ ಹೊಸ ಗಾಡಿಯ ಬೆಲೆಯಷ್ಟೇ ಸುರಿಯುವವನು ಬಾಹ್ಯ ಪರಿಗ್ರಹದ ಎಣಿಕೆಯಲ್ಲಿ ಗೆದ್ದು ಅಂತರಂಗದ್ದರಲ್ಲಿ ಸೋತಿರುತ್ತಾನೆ.

ಹೊಸದೇ ಆಗಬೇಕು ಎಂದು ತೀರ್ಮಾನವಾದರೆ ಹಳೆಯದರ ಗತಿಯೂ ಧರ್ಮದ ಪ್ರಶ್ನೆಯೇ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬುದಿದೆ. ಕೀಳು ಮಾಲನ್ನು ಮೇಲಿನದೆಂದು ದಾಟಿಸುವುದು. ಚಾಸಿಯ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವುದು, ಮೀಟರ್ ಹಿಂದಕ್ಕೆ ತಿರುಗಿಸುವುದು ನೇರವಾಗಿ ಇಲ್ಲಿ ಬೀಳುತ್ತವೆ. ಕೇಳಿದರೆ ಹೇಳಿದರಾಯಿತು ಎಂಬ ಮೌನ ವ್ಯಾಪಾರದಲ್ಲಿ ನಡೆಯಬಹುದು, ಕೊಂಡವನ ಮಕ್ಕಳು ಅದೇ ಬೆಂಚಿನ ಮೇಲೆ ಕೂರುತ್ತಾರಾದ್ದರಿಂದ ವ್ರತಕ್ಕೆ ನಡೆಯದು. ತನಗೆ ಅಪಾಯವೆಂದು ಬಿಟ್ಟ ಗಾಡಿಯನ್ನು ಇನ್ನೊಬ್ಬನಿಗೆ ದಾಟಿಸುವುದಕ್ಕಿಂತ ಗುಜರಿಗೆ ಹಾಕುವುದು ಶುದ್ಧ. 2021ರ ಗುಜರಿ ನೀತಿಯಡಿ ನೋಂದಾಯಿತ ಕೇಂದ್ರದಲ್ಲಿ ಒಪ್ಪಿಸಿದರೆ ಪ್ರಮಾಣಪತ್ರ ಸಿಗುತ್ತದೆ, ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೂ ಅವಕಾಶವಿದೆ. ರಿಯಾಯಿತಿ ಸಿಗುತ್ತದೆಂದೇ ಇನ್ನೂ ಗಟ್ಟಿ ಇರುವ ಗಾಡಿಯನ್ನು ಒಡೆಸಿದರೆ ಅದು ಲೋಭದ ಖಾತೆಗೆ ಹೋಗುತ್ತದೆ.

ಹಳೆಯದೂ ಬೇಡ, ಹೊಸದೂ ಬೇಡ, ಬೇಕಾದಾಗ ಬಾಡಿಗೆ ಜೀಪು ಹಿಡಿದರಾಯಿತು ಎನ್ನುವವರೂ ಇದ್ದಾರೆ. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಬೆಟ್ಟ ಹತ್ತುವವರಿಗೆ ಇದು ಯೋಗ್ಯವಾದ ದಾರಿ. ಯಾನ ಎಂಬ ಪರಿಗ್ರಹ ಅವರ ಮಟ್ಟಿಗೆ ಸೊನ್ನೆಯಾಗುತ್ತದೆ. ಭೋಗೋಪಭೋಗದ ಲೆಕ್ಕ ಮಾತ್ರ ಒಡೆತನವನ್ನು ನೋಡದೆ ಬಳಕೆಯನ್ನು ನೋಡುತ್ತದೆ. ದಿಗ್ವ್ರತದ ಎಲ್ಲೆ, ಅನರ್ಥದಂಡದ ನಿಷೇಧ ಎರಡೂ ಬಾಡಿಗೆ ಜೀಪಿನಲ್ಲಿ ಕೂತವನಿಗೆ ಹಾಗೆಯೇ ಅನ್ವಯಿಸುತ್ತವೆ.