ಪಕ್ಕದಲ್ಲಿ ಕೂತವನ ಜೀವ

ಮೇಲಿನ ಹಂತಕ್ಕೆ ಏರಿದವನಿಗೆ ಮೊದಲು ಬೇಕಾದದ್ದು ವೇಗವೋ, ಅನುಭವವೋ? ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ನಡೆಯುವ ಕಾರು ರ‍್ಯಾಲಿಯನ್ನು ನೋಡಿದರೆ ಈ ಪ್ರಶ್ನೆ ಬರೀ ಆಟದ್ದಲ್ಲ ಎನಿಸುತ್ತದೆ. ರಸ್ತೆಯಂಚಿಗೇ ಮರಗಳು, ಮಳೆ ಬಿದ್ದರೆ ಜಾರುವ ಮಣ್ಣು. ತಪ್ಪಿಗೆ ಅಲ್ಲಿ ಜಾಗ ಕಡಿಮೆ.

ರ‍್ಯಾಲಿಯಲ್ಲಿ ಕಾರುಗಳು ಒಂದೊಂದಾಗಿ ಹೊರಡುತ್ತವೆ, ಗಡಿಯಾರವೇ ಎದುರಾಳಿ. ಕಾರಿನೊಳಗೆ ಇಬ್ಬರು. ಸ್ಪರ್ಧೆಗೆ ಮೊದಲು ಇಬ್ಬರೂ ಅದೇ ದಾರಿಯಲ್ಲಿ ನಿಧಾನವಾಗಿ ಸಾಗುತ್ತಾರೆ. ಚಾಲಕ ಪ್ರತಿ ತಿರುವನ್ನೂ ದಿಬ್ಬವನ್ನೂ ಅಳೆದು ಹೇಳುತ್ತಾನೆ, ಸಹಚಾಲಕ ಬರೆದುಕೊಳ್ಳುತ್ತಾನೆ. ಸ್ಪರ್ಧೆಯ ದಿನ ಅವನು ಓದುತ್ತಾನೆ. ಆ ಮಾತನ್ನು ನಂಬಿ, ಕಣ್ಣಿಗೆ ಇನ್ನೂ ಕಾಣದ ತಿರುವಿನೊಳಕ್ಕೆ ಚಾಲಕ ಕಾರು ನುಗ್ಗಿಸುತ್ತಾನೆ. ಕಾಸರಗೋಡಿನ ಮೂಸಾ ಶರೀಫ್ ಹೆಸರು ಮಾಡಿದ್ದು ಹೀಗೆ ಓದುವವರ ಸೀಟಿನಲ್ಲಿ ಕೂತು. ಗೆದ್ದಾಗ ಜನ ಹೆಚ್ಚಾಗಿ ನೆನೆಯುವುದು ಸ್ಟೀರಿಂಗ್ ಹಿಡಿದವನನ್ನು. ಕಾರು ಮಗುಚಿದಾಗ ಪೆಟ್ಟು ಮಾತ್ರ ಇಬ್ಬರಿಗೂ.

ಸಾಧಾರಣ ಕಾರಿನಿಂದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಬಲಿಷ್ಠ ಕಾರಿಗೆ ಏರಿದಾಗ ರಸ್ತೆಯ ಅಳತೆಯೇ ಬದಲಾಗುತ್ತದೆ. ಬಿಡಿಬಿಡಿಯಾಗಿದ್ದ ಎರಡು ತಿರುವುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮ್ಮನೆ ದಾಟುತ್ತಿದ್ದ ದಿಬ್ಬ ಕಾರನ್ನು ಗಾಳಿಗೆ ಎಸೆಯುತ್ತದೆ. ಹಳೆಯ ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಅದು ಈ ಕಾರಿನದ್ದಲ್ಲ.

ಹಾಗಾದರೆ ಅನುಭವವನ್ನು ಅಳೆಯುವುದು ಹೇಗೆ? ವಯಸ್ಸಿನಿಂದಂತೂ ಅಲ್ಲ. ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ಪ್ರಶಸ್ತಿಯನ್ನು ಮೊದಲು ಗೆದ್ದದ್ದು 2013ರಲ್ಲಿ, ಮೂವತ್ತು ದಾಟಿದ ಮೇಲೆ. 2016 ಮತ್ತು 2017ರಲ್ಲಿ ಮತ್ತೆ ಗೆದ್ದರು. ಆ ವರ್ಷಗಳಲ್ಲಿ ಭಾರತದ ಸುತ್ತು ನಡೆದದ್ದು ಚಿಕ್ಕಮಗಳೂರಿನಲ್ಲೇ. ಫಿನ್ಲೆಂಡಿನ ಕಾಲೆ ರೊವನ್ಪೆರಾ 2022ರಲ್ಲಿ ವಿಶ್ವ ಚಾಂಪಿಯನ್ ಆದಾಗ ವಯಸ್ಸು ಬರೀ 22. ಆದರೆ ಎಂಟನೇ ವಯಸ್ಸಿಗಾಗಲೇ ಅವನು ಸ್ಟೀರಿಂಗ್ ಹಿಡಿದಿದ್ದ. ಪರವಾನಗಿ ಸಿಗದ ವಯಸ್ಸಿನಲ್ಲಿ ಲಾಟ್ವಿಯಾದಲ್ಲಿ ಸ್ಪರ್ಧಿಸುವಾಗ, ಸಾರ್ವಜನಿಕ ರಸ್ತೆ ಬಂದೊಡನೆ ಚಾಲಕನ ಸೀಟನ್ನು ಸಹಚಾಲಕನಿಗೆ ಬಿಟ್ಟುಕೊಡಬೇಕಿತ್ತು. ಅತಿ ವೇಗದ ಹುಡುಗನೂ ಪಕ್ಕಕ್ಕೆ ಸರಿದು ಕೂರುವುದನ್ನು ಕಲಿತೇ ಮೇಲೇರಿದ.

ವೇಗದ ಪ್ರಶ್ನೆ ನೀತಿಯ ಪ್ರಶ್ನೆಯಾಗುವುದು ಇಲ್ಲಿಯೇ. ಜಂಬಕ್ಕಾಗಿ ಕಡಿದಾದ ತಿರುವನ್ನು ಸುಲಭದ್ದೆಂದು ಬರೆಸುವವನು ಮೋಸ ಮಾಡುವುದು ತನಗಷ್ಟೇ ಅಲ್ಲ, ಪಕ್ಕದಲ್ಲಿ ಕೂತು ಅದನ್ನೇ ಓದಬೇಕಾದವನಿಗೂ. 'ನನಗೆ ಈ ದಾರಿ ಗೊತ್ತು' ಎಂದು ಹಳೆಯ ಪುಸ್ತಕವನ್ನೇ ಹೊಸ ಕಾರಿಗೆ ತರುವವನದೂ ಅದೇ ತಪ್ಪು. ಮೊದಲನೆಯವನಿಗೆ ವೇಗದ ಅಹಂಕಾರ, ಎರಡನೆಯವನಿಗೆ ಅನುಭವದ ಅಹಂಕಾರ. ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಜಮಾತಿನಲ್ಲಿ, ಪಂಚಾಯಿತಿಯಲ್ಲಿ ಇವರಿಬ್ಬರನ್ನೂ ನಾವು ಬಲ್ಲೆವು.

ಮೇಲೇರಿದವನು ವೇಗವನ್ನು ಬಿಡಬೇಕಿಲ್ಲ, ಅನುಭವವನ್ನು ಎಸೆಯಬೇಕಿಲ್ಲ. ಗೊತ್ತಿರುವ ದಾರಿಯನ್ನೇ ಇನ್ನೊಮ್ಮೆ ನಿಧಾನವಾಗಿ ಸಾಗಿ, ಕಂಡದ್ದನ್ನು ಕಂಡ ಹಾಗೆ ಬರೆಸಬೇಕು. ನಮ್ಮನ್ನು ನಂಬಿ ಪಕ್ಕದಲ್ಲಿ ಕೂತವರಿಗೆ ನಾವು ಕೊಡಬೇಕಾದ ಸಾಲ ಅದು.